‘ವಿಚಾರಿಸು’ ಮತ್ತು ‘ವಿಚಾರಣೆ ನಡೆಸು’ ಒಂದೇ ಅರ್ಥವೇ?

ಅಲ್ಲ. ‘ವಿಚಾರಿಸು’ ಎಂದರೆ ಕೇಳಿ ತಿಳಿದುಕೊಳ್ಳುವುದು, ಅದನ್ನು ಯಾರಾದರೂ ಮಾಡಬಹುದು. ‘ವಿಚಾರಣೆ ನಡೆಸು’ ಎಂದರೆ ಅಧಿಕಾರವುಳ್ಳವರು ನಿಯಮದಂತೆ ಕೇಳಿ, ಹೇಳಿದ್ದನ್ನು ದಾಖಲಿಸಿಕೊಂಡು, ಒಂದು ತೀರ್ಮಾನದ ಕಡೆಗೆ ಸಾಗುವುದು. ಈ ಭಾರವನ್ನು ತರುವುದು ‘ನಡೆಸು’ ಎಂಬ ಪದ: ಸಭೆ ನಡೆಸು, ಪರೀಕ್ಷೆ ನಡೆಸು ಎಂಬಲ್ಲಿಯಂತೆ, ಇಲ್ಲಿಯೂ ಅದು ಕೆಲಸಕ್ಕೊಂದು ಕ್ರಮವಿದೆ, ಹೊಣೆಗಾರರಿದ್ದಾರೆ ಎಂದು ಸೂಚಿಸುತ್ತದೆ.

ಕಲಬುರಗಿಯ ತಹಶೀಲ್ದಾರ್ ಕಚೇರಿಯ ಕಿಟಕಿಯ ಮುಂದೆ ನಿಂತ ರೈತರು ‘ನನ್ನ ಜಮೀನಿನ ಅರ್ಜಿ ಎಲ್ಲಿಗಿ ಬಂತ್ರಿ?’ ಎಂದು ಕೇಳಿದರೆ ಅವರು ವಿಚಾರಿಸುತ್ತಿದ್ದಾರೆ. ಅದೇ ಜಮೀನಿನ ತಕರಾರಿನಲ್ಲಿ ತಹಶೀಲ್ದಾರರು ಎರಡೂ ಕಡೆಯವರಿಗೆ ನೋಟಿಸು ಕೊಟ್ಟು, ಗೊತ್ತಾದ ದಿನ ಅವರ ಮಾತು ಕೇಳಿದರೆ ಅದು ವಿಚಾರಣೆ. ಹೀಗಾಗಿ ಮಾಹಿತಿ ಕೇಳುವ ಪತ್ರದಲ್ಲಿ ‘ವಿಚಾರಣೆ ನಡೆಸಲು ಬಂದಿದ್ದೆ’ ಎಂದು ಬರೆಯುವುದು ತಪ್ಪು, ‘ವಿಚಾರಿಸಲು ಬಂದಿದ್ದೆ’ ಎಂದರೆ ಸಾಕು.

‘ತನಿಖೆ’ ಇವೆರಡರಿಂದಲೂ ಬೇರೆ. ಅಪರಾಧ ಪ್ರಕರಣದಲ್ಲಿ ಸಾಕ್ಷ್ಯ ಕಲೆಹಾಕುವ ಪೊಲೀಸರ ಕೆಲಸ ತನಿಖೆ, ಆ ಸಾಕ್ಷ್ಯವನ್ನು ನ್ಯಾಯಾಲಯ ಆಲಿಸಿ ತೂಗುವುದು ವಿಚಾರಣೆ; ಪೊಲೀಸರು ಆರೋಪಿಯನ್ನು ಪ್ರಶ್ನಿಸುವುದನ್ನೂ ಪತ್ರಿಕೆಗಳು ವಿಚಾರಣೆ ಎಂದೇ ಬರೆಯುವುದರಿಂದ ಗೊಂದಲ ಹುಟ್ಟುತ್ತದೆ. ಇನ್ನು ‘ವಿಚಾರಿಸಿಕೊಳ್ಳುತ್ತೇನೆ’ ಎಂಬ ರೂಪವನ್ನು ಎಚ್ಚರದಿಂದ ಬಳಸಬೇಕು, ಏಕೆಂದರೆ ಆಡುಮಾತಿನಲ್ಲಿ ಅದು ಬೆದರಿಕೆಯಾಗಿಯೂ ಕೇಳಿಸುತ್ತದೆ.