ಉ: ತೋಟ, ಹಾಸನ, ದುಬೈ: ಮೂರು ಕಡೆಗೂ ಒಂದೇ ಕ್ಯಾಲೆಂಡರ್

ಅಪ್ಪ ಅಮ್ಮ ಸಕಲೇಶಪುರದ ತೋಟದಲ್ಲಿ, ನೀವು ಮಕ್ಕಳ ಜೊತೆ ಹಾಸನದಲ್ಲಿ, ಯಜಮಾನರು ದುಬೈನಲ್ಲಿ. ಡಾಕ್ಟರ್ ಭೇಟಿ, ಶಾಲೆ ಮೀಟಿಂಗ್ ಎಲ್ಲರಿಗೂ ಕಾಣಬೇಕು, ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ. ದುಡ್ಡು ಕೊಟ್ಟು ಕೊಳ್ಳುವ ಆ್ಯಪ್ ಬೇಡ. ಗೂಗಲ್ ಕ್ಯಾಲೆಂಡರ್ ಸಾಕು.

ಕಂಪ್ಯೂಟರಿನ ಬ್ರೌಸರಿನಲ್ಲಿ 'ಮನೆ' ಅಂತ ಹೊಸ ಕ್ಯಾಲೆಂಡರ್ ಮಾಡಿ, ಎಲ್ಲರ ಜಿಮೇಲ್ ವಿಳಾಸಕ್ಕೂ ಹಂಚಿ. ಯಜಮಾನರಿಗೆ ಬದಲಾಯಿಸುವ ಅನುಮತಿ ಕೊಡಿ. ಅಪ್ಪ ಅಮ್ಮನಿಗೆ ನೋಡುವ ಅನುಮತಿ ಸಾಕು, ಗೊತ್ತಿಲ್ಲದೆ ಅಳಿಸಿಬಿಡುವ ಭಯ ಇರುವುದಿಲ್ಲ.

ಜಾಸ್ತಿ ಜನ ಎಡವುವುದು ರಿಮೈಂಡರ್ ಇಡುವುದರಲ್ಲಿ. ನೀವು ಅಲಾರಂ ಇಟ್ಟರೆ ಅದು ನಿಮ್ಮ ಫೋನಿಗೆ ಮಾತ್ರ. ಹಂಚಿಕೊಂಡ ಕ್ಯಾಲೆಂಡರಿಗೆ ಪ್ರತಿಯೊಬ್ಬರೂ ತಮ್ಮ ಖಾತೆಯಲ್ಲೇ ನೋಟಿಫಿಕೇಶನ್ ಹಾಕಿಕೊಳ್ಳಬೇಕು. ಮುಂದಿನ ಸಲ ತೋಟಕ್ಕೆ ಹೋದಾಗ ಅಮ್ಮನ ಫೋನಿನಲ್ಲಿ ನೀವೇ ಹಾಕಿಕೊಡಿ, ಫೋನಲ್ಲಿ ಹೇಳಿ ಮಾಡಿಸುವುದು ಕಷ್ಟ ಅಲ್ವಾ?

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ 10ಕ್ಕೆ ಹಾಕಿದ್ದು ಅವರಿಗೆ 8.30 ಅಂತ ತಾನಾಗಿಯೇ ಕಾಣುತ್ತದೆ. ಸುಮ್ನೆ ಲೆಕ್ಕ ಹಾಕಿ ಬರೆಯಬೇಡಿ, ಎರಡು ಸಲ ಕಳೆದಂತಾಗುತ್ತದೆ.

ತೋಟದಲ್ಲಿ ನೆಟ್‌ವರ್ಕ್ ಹೋದರೂ, ಮೊದಲೇ ಫೋನಿಗೆ ಇಳಿದಿರುವ ಕಾರ್ಯಕ್ರಮಗಳು ಕಾಣುತ್ತವೆ. ಹೊಸ ಬದಲಾವಣೆ ಮಾತ್ರ ಸಿಗ್ನಲ್ ಬಂದ ಮೇಲೆ. ಆದ್ದರಿಂದ ಅದೇ ದಿನ ಏನಾದರೂ ಬದಲಾದರೆ ಅಪ್ಪನಿಗೆ ಒಂದು ಕಾಲ್ ಮಾಡಿಬಿಡಿ.