ಜಿಬೂಟಿಯಲ್ಲಿ ಅಫಾರ್ ಮತ್ತು ಇಸ್ಸಾ ಜನರ ಜಗಳ ಫ್ರೆಂಚರು ಹುಟ್ಟಿಸಿದ್ದೇ?

ಪೂರ್ತಿ ಅವರೇ ಹುಟ್ಟಿಸಿದ್ದಲ್ಲ. ಆದರೆ ಬಾವಿ, ಹುಲ್ಲುಗಾವಲಿನ ಜಗಳವನ್ನು ವೋಟಿನ ಜಗಳ ಮಾಡಿದ್ದು ಮಾತ್ರ ಅವರೇ ಅಂತ ನನಗನಿಸುತ್ತದೆ.

ಪೂರ್ವ ಆಫ್ರಿಕಾದ ಪುಟ್ಟ ದೇಶ ಜಿಬೂಟಿ ಕರ್ನಾಟಕದ ಎಂಟನೇ ಒಂದು ಭಾಗದಷ್ಟಿದೆ. ಅದರಲ್ಲೂ ಜಾಸ್ತಿ ಬರೀ ಕಲ್ಲು. ಉತ್ತರ, ಪಶ್ಚಿಮದಲ್ಲಿ ಅಫಾರರು, ದಕ್ಷಿಣದಲ್ಲಿ ಸೋಮಾಲಿಗಳದೇ ಒಂದು ಕುಲವಾದ ಇಸ್ಸಾಗಳು. ಇಬ್ಬರೂ ಮುಸ್ಲಿಮರು, ಇಬ್ಬರೂ ಒಂಟೆ, ಆಡು ಮೇಯಿಸಿಕೊಂಡು ಅಲೆದವರು. ನೀರಿಗಾಗಿ ಹೊಡೆದಾಟ ಮೊದಲಿನಿಂದಲೂ ಇತ್ತು, ಇಲ್ಲ ಅನ್ನೋಕಾಗಲ್ಲ.

ಫ್ರೆಂಚರು 1862ರಲ್ಲಿ ಅಫಾರರ ಕಡೆಯಿಂದ ಕರಾವಳಿಯ ಒಬೋಕ್ ಊರನ್ನು ಕೊಂಡರು. 1885ರಲ್ಲಿ ಇಸ್ಸಾ ಹಿರಿಯರ ಜೊತೆ ಬೇರೆ ಒಪ್ಪಂದ. ಆಮೇಲೆ ಜಿಬೂಟಿ ಊರಿನಲ್ಲಿ ಬಂದರು ಕಟ್ಟಿದರು, 1917ರ ಹೊತ್ತಿಗೆ ಅಲ್ಲಿಂದ ಇಥಿಯೋಪಿಯಾದ ಅಡಿಸ್ ಅಬಾಬಾವರೆಗೆ ರೈಲು ದಾರಿ ಮುಗಿಯಿತು. ಕೂಲಿ ಕೆಲಸವೆಲ್ಲ ಅಲ್ಲೇ ಸಿಗುತ್ತಿತ್ತು, ಹಾಗಾಗಿ ಸೋಮಾಲಿಗಳು ಅಲ್ಲಿ ಹೆಚ್ಚಿದರು. ಅಸ್ಸಾಲ್ ಸರೋವರದ ಉಪ್ಪನ್ನು ಒಂಟೆ ಮೇಲೆ ಸಾಗಿಸುತ್ತಿದ್ದ ಅಫಾರರು ಮೂಲೆಗೆ ಬಿದ್ದರು.

ನಿಜವಾದ ಆಟ ಶುರುವಾಗಿದ್ದು 1958ರಲ್ಲಿ. ಫ್ರಾನ್ಸ್ ಜೊತೆಗೇ ಇರ್ತೀರಾ ಅಂತ ಜನರ ವೋಟು ಕೇಳಿದರು. ಸೋಮಾಲಿ ನಾಯಕ ಮಹಮೂದ್ ಹರ್ಬಿ ಬೇಡ ಅಂದರು, ಸೋತರು. 1960ರಲ್ಲಿ ಪಕ್ಕದ ಸೋಮಾಲಿಯಾ ಸ್ವತಂತ್ರವಾಯಿತು. ಜಿಬೂಟಿಯ ಸೋಮಾಲಿಗಳೂ ಆ ಕಡೆ ಸೇರಿಬಿಟ್ಟರೆ ಬಂದರು ಕೈತಪ್ಪುತ್ತೆ, ಅಲ್ವಾ? ಅಲ್ಲಿವರೆಗೆ ಸೋಮಾಲಿಗಳಿಗೆ ಮಣೆ ಹಾಕುತ್ತಿದ್ದ ಫ್ರೆಂಚರಿಗೆ ಇದ್ದಕ್ಕಿದ್ದಂತೆ ಅಫಾರರ ಮೇಲೆ ಪ್ರೀತಿ ಉಕ್ಕಿತು!

1966ರಲ್ಲಿ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಬಂದಾಗ ಬೀದಿಯಲ್ಲಿ ಗಲಾಟೆ. ಆಮೇಲೆ ಊರಿನ ಸುತ್ತ ಮುಳ್ಳುತಂತಿ ಬೇಲಿ ಎದ್ದಿತು, ಅಲ್ಲಲ್ಲಿ ಕಾವಲು ಗೋಪುರ. ಕಾಗದ ತೋರಿಸದ ಸೋಮಾಲಿ ಅಂದರೆ ಹೊರಗಿನವನು ಅಂತಲೇ ಲೆಕ್ಕ. ಸಾವಿರಾರು ಜನರನ್ನು ಗಡಿಯಾಚೆ ಅಟ್ಟಿದರು. 1967ರಲ್ಲಿ ಮತ್ತೆ ವೋಟು: ಸುಮಾರು 60% ಫ್ರಾನ್ಸ್ ಪರ. ಅದೇ ವರ್ಷ ನಾಡಿಗೆ ‘ಅಫಾರರ ಮತ್ತು ಇಸ್ಸಾಗಳ ಫ್ರೆಂಚ್ ಪ್ರಾಂತ್ಯ’ ಅಂತ ಹೊಸ ಹೆಸರು ಇಟ್ಟರು. ಯೆಮನ್‌ನಿಂದ ಬಂದು ನೆಲೆಸಿದ್ದ ಅರಬರು, ಬೇರೆ ಸೋಮಾಲಿ ಕುಲದವರು ಲೆಕ್ಕಕ್ಕೇ ಇಲ್ಲ. ಸರ್ಕಾರದ ಚುಕ್ಕಾಣಿ ಅಫಾರ್ ನಾಯಕ ಅಲಿ ಆರೆಫ್ ಕೈಗೆ.

1977ರ ಜೂನ್ 27ರಂದು ಸ್ವಾತಂತ್ರ್ಯ ಬಂತು. ಅಧ್ಯಕ್ಷರು ಇಸ್ಸಾ, ಪ್ರಧಾನಿ ಅಫಾರ್. ಆ ಪ್ರಧಾನಿ ಅಹ್ಮದ್ ದಿನಿ ಡಿಸೆಂಬರ್‌ನಲ್ಲೇ ರಾಜೀನಾಮೆ ಕೊಟ್ಟರು. 1991ರಲ್ಲಿ ಅಫಾರ್ ಬಂಡುಕೋರರು ಬಂದೂಕು ಹಿಡಿದರು. ಕೊನೆಯವರೆಗೂ ಪಟ್ಟು ಬಿಡದ ಗುಂಪಿನ ಪರವಾಗಿ 2001ರಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡವರೂ ಅದೇ ದಿನಿ.