ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡೋಕೆ 1024 ಒತ್ತಡದ ಹಂತಗಳಿರೋ (ಎಷ್ಟು ಒತ್ತಿ ಬರೆದೆ ಅನ್ನೋದನ್ನು ಅಷ್ಟು ಮಟ್ಟಗಳಲ್ಲಿ ಗುರುತಿಸೋ) ಸ್ಟೈಲಸ್, ಅಂದರೆ ಸ್ಕ್ರೀನ್ ಮೇಲೆ ಬರೆಯೋ ಪೆನ್ನು ಸಾಕಾ, 4096 ಇರೋದೇ ಬೇಕಾ? ನನ್ನದು ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್.

ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು, ಇಂಥದೇ ಲ್ಯಾಪ್‌ಟಾಪ್‌ಗೆ ನಾನು 4096ರ ಪೆನ್ನನ್ನೇ ತರಿಸಿದ್ದೆ. ನನ್ನ ಸ್ಕ್ರೀನಿನ ಮೇಲೆ ಅದು ಒಂದು ಚುಕ್ಕಿಯನ್ನೂ ಮೂಡಿಸಲಿಲ್ಲ.

ಆಗಷ್ಟೇ ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಬೀಜಗಣಿತ ಹೇಳಿಕೊಡೋಕೆ ಶುರು ಮಾಡಿದ್ದೆ. ಮೌಸ್ ಹಿಡಿದು ವರ್ಗಮೂಲದ ಚಿಹ್ನೆ ಬರೆದರೆ "ಸರ್, ಅದು ಒಂದಾ ಏಳಾ?" ಅಂತ ಕೇಳೋರು. ಮೊದಲು ರಬ್ಬರ್ ತುದಿಯ ಪೆನ್ನು ತಂದೆ. ಟಚ್‌ಸ್ಕ್ರೀನ್ ಹುಡುಕೋದು ಬೆರಳು ತಾಗಿದಾಗ ಆಗುವ ವಿದ್ಯುತ್ ವ್ಯತ್ಯಾಸವನ್ನು. ತುದಿ ತೀರ ಸಣ್ಣದಾದರೆ ಅದಕ್ಕೆ ಗೊತ್ತೇ ಆಗೋದಿಲ್ಲ, ಅದಕ್ಕೇ ಆ ರಬ್ಬರ್ ಐದಾರು ಮಿಲಿಮೀಟರ್ ದಪ್ಪ ಇರುತ್ತೆ. ಅದರಲ್ಲಿ ಘಾತಾಂಕ ಬರೆಯಲು ಹೋದರೆ ಮೇಲಿನ 2 ಎಲ್ಲಿ ಕೂರುತ್ತೆ ಅಂತ ನನಗೇ ಕಾಣುತ್ತಿರಲಿಲ್ಲ. ಆಮೇಲೆ ಚಾರ್ಜ್ ಮಾಡುವ, ತೆಳು ತುದಿಯ, 'ಯಾವ ಟಚ್‌ಸ್ಕ್ರೀನಿಗಾದರೂ ಆಗುತ್ತೆ' ಅನ್ನುವ ಪೆನ್ನು ತಂದೆ. ಅದು ಬೆರಳಿನಂತೆ ನಟಿಸುವ ಪೆನ್ನು, ಹಾಗಾಗಿ ನನ್ನ ಅಂಗೈ ಯಾವುದು, ಪೆನ್ನು ಯಾವುದು ಅಂತ ಸ್ಕ್ರೀನಿಗೆ ಬೇರೆ ಮಾಡೋಕೆ ಬರಲಿಲ್ಲ. ಅಂಗೈ ಊರಿದರೆ ಅಲ್ಲೊಂದು ಗೀಟು. ಕೈ ಎತ್ತಿ ಹಿಡಿದುಕೊಂಡೇ ಒಂದು ತಿಂಗಳು ಪಾಠ ಮಾಡಿದೆ, ಭುಜ ಸೋತುಹೋಯಿತು.

ಇನ್ನು ಒಳ್ಳೆಯ ಪೆನ್ನೇ ತಗೊಳ್ಳೋಣ ಅಂತ ಹೊರಟಾಗ ಆದದ್ದು ಆ ತಪ್ಪು. ನಿಮಗೂ ಆಗಬಾರದು ಅಂತ ಅದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಕೊಳ್ಳುವ ಮುಂಚೆ ನಾನು ನೋಡದೇ ಇರಲಿಲ್ಲ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರ ಕೊನೆಗೆ ಅಬೌಟ್ ಅಂತ ಇದೆ. ಅಲ್ಲಿ ಪ್ರೊಸೆಸರ್, ರ‍್ಯಾಮ್ ಎಲ್ಲದರ ಕೆಳಗೆ 'ಪೆನ್ ಅಂಡ್ ಟಚ್' ಅಂತ ಒಂದು ಸಾಲು ಬರುತ್ತೆ. ನನ್ನದರಲ್ಲಿ ಎಡಗಡೆ 'ಪೆನ್ ಅಂಡ್ ಟಚ್', ಬಲಗಡೆ 'ಟಚ್ ಸಪೋರ್ಟ್ ವಿತ್ 10 ಟಚ್ ಪಾಯಿಂಟ್ಸ್' ಅಂತಿತ್ತು. ಪೆನ್ ಅನ್ನೋ ಪದ ಕಣ್ಣಿಗೆ ಬಿತ್ತು, ಸಪೋರ್ಟ್ ಅನ್ನೋದೂ ಬಿತ್ತು, ಸರಿ ಇದೆ ಅಂದುಕೊಂಡೆ. ಆದರೆ ಎಡಗಡೆಯದು ಬರೀ ಶೀರ್ಷಿಕೆ. ಎಲ್ಲ ಕಂಪ್ಯೂಟರಿನಲ್ಲೂ ಹಾಗೇ ಇರುತ್ತೆ. ಉತ್ತರ ಇರೋದು ಬಲಗಡೆ, ಮತ್ತು ನನ್ನ ಉತ್ತರದಲ್ಲಿ ಪೆನ್ ಇರಲಿಲ್ಲ. ಪೆನ್ನು ಗುರುತಿಸುವ ಸ್ಕ್ರೀನ್ ಆಗಿದ್ದರೆ ಬಲಗಡೆಯೂ 'ಪೆನ್ ಅಂಡ್ ಟಚ್ ಸಪೋರ್ಟ್' ಅಂತ ಇರಬೇಕಿತ್ತು. ಆ ಒಂದು ಪದ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ನಾನು ನೋಡಲಿಲ್ಲ, ಅಷ್ಟೇ.

ಪೆನ್ನು ಬಂತು. ಬ್ಲೂಟೂತ್‌ಗೆ ಜೋಡಿಸಿದೆ, ಒಂದೇ ಸಲಕ್ಕೆ ಕೂತಿತು. ಹಿಂಬದಿಯ ಗುಂಡಿ ಒತ್ತಿದರೆ ಒನ್‌ನೋಟ್ ಅನ್ನೋ ನೋಟ್ಸ್ ಆ್ಯಪ್ ತೆರೆಯಿತು. ತುದಿ ಇಟ್ಟರೆ ಮಾತ್ರ ಏನೂ ಇಲ್ಲ. ನನ್ನನ್ನು ಇನ್ನಷ್ಟು ದಾರಿ ತಪ್ಪಿಸಿದ್ದು ಆ ಗುಂಡಿ. ಗುಂಡಿ ಕೆಲಸ ಮಾಡುತ್ತೆ ಅಂದಮೇಲೆ ಪೆನ್ನು ಹೊಂದುತ್ತೆ, ಪೆನ್ನನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶ, ಅಂದರೆ ಡ್ರೈವರ್‌ನಲ್ಲೇ ಏನೋ ತೊಂದರೆ ಅಂದುಕೊಂಡೆ. ಇಂಥ ಪೆನ್ನಿನಲ್ಲಿ ಬ್ಲೂಟೂತ್ ಇರೋದು ಗುಂಡಿಗೆ ಮಾತ್ರ, ಬರೆಯೋದಕ್ಕೂ ಅದಕ್ಕೂ ಸಂಬಂಧವಿಲ್ಲ ಅನ್ನೋದು ಗೊತ್ತಿರಲಿಲ್ಲ. ಡ್ರೈವರ್ ತೆಗೆದು ಹಾಕಿದೆ, ಅಪ್‌ಡೇಟ್ ಮಾಡಿದೆ, ಕೊನೆಗೆ ವಿಂಡೋಸನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದೆ. ಇದರಲ್ಲೇ ಮೂರು ವಾರ ಹೋಯಿತು, ಪೆನ್ನು ವಾಪಸ್ ಕೊಡುವ ಗಡುವೂ ಮುಗಿಯಿತು.

ಆಮೇಲೊಂದು ದಿನ ಗೆಳೆಯನೊಬ್ಬ ಅದೇ ಪೆನ್ನನ್ನು ತನ್ನ ಲ್ಯಾಪ್‌ಟಾಪ್ ಮೇಲೆ ಇಟ್ಟ. ತುದಿ ಗಾಜಿಗೆ ತಾಗುವ ಮೊದಲೇ, ಕೂದಲೆಳೆ ಅಂತರದಲ್ಲಿ, ಸಣ್ಣ ಚುಕ್ಕಿಯೊಂದು ತುದಿಯ ಕೆಳಗೇ ಓಡಾಡಿತು. ಆಮೇಲೆ ಅವನು ತನ್ನ ಹೆಸರು ಬರೆದ. ನಾನು ಅವನ ಅಬೌಟ್ ಪುಟ ತೆರೆಸಿ ಆ ಸಾಲು ನೋಡಿದೆ. ಪೆನ್ ಬಲಗಡೆಯಲ್ಲೂ ಇತ್ತು.

ಅದಕ್ಕೇ ಯಾವ ಪೆನ್ನು ಅನ್ನೋ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಇಂಥ ಪೆನ್ನಿನ ತುದಿ ಸಣ್ಣದೊಂದು ವಿದ್ಯುತ್ ಸಂಕೇತ ಕಳಿಸುತ್ತಿರುತ್ತೆ, ಅದನ್ನು ಆಲಿಸಿ ಅರ್ಥ ಮಾಡಿಕೊಳ್ಳುವ ಚಿಪ್ ಸ್ಕ್ರೀನಿನ ಒಳಗಿರಬೇಕು. ಆ ಚಿಪ್ ಇಲ್ಲದಿದ್ದರೆ ಯಾವ ಡ್ರೈವರೂ ಅದನ್ನು ತಂದು ಕೂರಿಸೋದಿಲ್ಲ. ಇದ್ದರೂ ಪೆನ್ನಿನ ಭಾಷೆ ಅದಕ್ಕೆ ಗೊತ್ತಿರಬೇಕು. ಸ್ಯಾಮ್‌ಸಂಗ್ ಎಸ್ ಪೆನ್‌ನಲ್ಲಿರೋದು ವಾಕಮ್ ಅನ್ನೋ ಕಂಪನಿಯ ತಂತ್ರ: ಸ್ಕ್ರೀನಿನ ಹಿಂದಿನ ಹಾಳೆಯಂಥ ಬೋರ್ಡು ಕಾಂತಕ್ಷೇತ್ರ ಹಬ್ಬಿಸುತ್ತೆ, ಪೆನ್ನಿನೊಳಗಿನ ತಂತಿಸುರುಳಿ ಅದಕ್ಕೆ ಸ್ಪಂದಿಸುತ್ತೆ, ಬರೆಯೋಕೆ ಬ್ಯಾಟರಿಯೇ ಬೇಡ. ಆ್ಯಪಲ್ ಪೆನ್ಸಿಲ್ ಐಪ್ಯಾಡಿಗೆ ಮಾತ್ರ, ಅದರಲ್ಲೂ ಯಾವ ಐಪ್ಯಾಡಿಗೆ ಯಾವ ಪೆನ್ಸಿಲ್ ಅಂತ ಬೇರೆ ಬೇರೆ. ಮೈಕ್ರೋಸಾಫ್ಟಿನದೇ ನೋಡಿ. 2013ರ ಸರ್ಫೇಸ್ ಪ್ರೊ ಅನ್ನೋ ಟ್ಯಾಬ್ಲೆಟ್‌ನಲ್ಲಿ ವಾಕಮ್ ತಂತ್ರ ಇತ್ತು, 2014ರ ಸರ್ಫೇಸ್ ಪ್ರೊ 3ಕ್ಕೆ ಎನ್‌ಟ್ರಿಗ್ ಅನ್ನೋ ಬೇರೆ ಕಂಪನಿಯ ತಂತ್ರ ಬಂತು. ಒಂದೇ ಹೆಸರಿನ ಯಂತ್ರ, ಆದರೆ ಹಳೆಯದರ ಪೆನ್ನು ಹೊಸದರ ಮೇಲೆ ಬರೆಯೋದಿಲ್ಲ.

ಒತ್ತಡದ ಹಂತಗಳ ಲೆಕ್ಕ ಚಿತ್ರ ಬಿಡಿಸುವವರಿಗೆ ಸ್ವಲ್ಪ ಬೇಕಾಗಬಹುದು. ಸಮೀಕರಣ ಬರೆಯೋಕೆ 1024 ಆದರೇನು, 4096 ಆದರೇನು? 2023ರಲ್ಲಿ ಬಂದ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ನಲ್ಲಿ ಒತ್ತಡ ಗುರುತಿಸುವುದೇ ಇಲ್ಲ, ನೋಟ್ಸ್ ಬರೆಯೋಕೆ ಅದರಿಂದ ಏನೂ ತೊಂದರೆಯಿಲ್ಲ. ನೀವು ನೋಡಬೇಕಾದದ್ದು ಬೇರೆ. ಸ್ಕ್ರೀನಿನ ಮೇಲೆ ಸ್ಕೇಲ್ ಇಟ್ಟು ಓರೆಯಾಗಿ, ನಿಧಾನಕ್ಕೆ ಒಂದು ಗೆರೆ ಎಳೆಯಿರಿ. ಕೆಲವು ಪೆನ್ನುಗಳಲ್ಲಿ ಅದು ಅಲೆಅಲೆಯಾಗಿ ಬರುತ್ತೆ. ಅಂಗೈಯನ್ನು ಪೂರ್ತಿ ಊರಿ ಎರಡು ಸಾಲು ಬರೆದು ನೋಡಿ. ಇವೆರಡರಲ್ಲಿ ಗೆದ್ದರೆ ಪೆನ್ನು ಒಳ್ಳೆಯದು.

ನಿಮ್ಮ ಬಲಗಡೆಯ ಸಾಲಿನಲ್ಲಿ ಪೆನ್ ಇಲ್ಲದಿದ್ದರೆ, ಯುಎಸ್‌ಬಿಗೆ ಸಿಕ್ಕಿಸುವ, ಸ್ಕ್ರೀನ್ ಇಲ್ಲದ ಪೆನ್ ಟ್ಯಾಬ್ಲೆಟ್, ಅಂದರೆ ಬರೆಯುವ ಹಲಗೆ ತಗೊಳ್ಳಿ. ನಾನೂ ಕೊನೆಗೆ ಅದಕ್ಕೇ ಬಂದೆ. ಪೆನ್ನನ್ನು ಗುರುತಿಸುವ ಭಾಗ ಆ ಹಲಗೆಯೊಳಗೇ ಇರೋದರಿಂದ ಲ್ಯಾಪ್‌ಟಾಪ್‌ನ ಸ್ಕ್ರೀನ್ ಯಾವುದಾದರೂ ಸರಿ. ಕಣ್ಣು ಎದುರಿಗೆ, ಕೈ ಮೇಜಿನ ಮೇಲೆ ಅನ್ನೋದು ಮೊದಲ ವಾರ ವಿಪರೀತ ಕಷ್ಟ. ಸಂಖ್ಯೆಗಳು ಒಂದರ ಮೇಲೊಂದು ಹತ್ತಿ ಕೂತವು. ದಿನಾ ಅರ್ಧ ಗಂಟೆ ಮಗ್ಗಿ ಬರೆದೆ, ಹತ್ತು ದಿನದ ಮೇಲೆ ಕೈ ನೋಡುವ ಚಟ ತಾನಾಗಿ ಬಿಟ್ಟುಹೋಯಿತು. ಅಷ್ಟಾದರೂ ನನ್ನ ವೃತ್ತಗಳು ಮೊಟ್ಟೆಯಾಗಿ ಬರುತ್ತಿದ್ದವು. ಅದು ಕೈಯ ದೋಷ ಅಲ್ಲ. ಹಲಗೆಯ ಉದ್ದ ಅಗಲದ ಅನುಪಾತ ಸ್ಕ್ರೀನಿನದಕ್ಕಿಂತ ಬೇರೆ ಇದ್ದು, ಡ್ರೈವರ್ ಒಂದನ್ನು ಇನ್ನೊಂದಕ್ಕೆ ಎಳೆದು ಕೂರಿಸಿತ್ತು. ಸೆಟ್ಟಿಂಗ್‌ನಲ್ಲಿ ಅನುಪಾತ ಒಂದೇ ಇರಲಿ ಅಂತ ಗುರುತು ಹಾಕಿದೆ, ವೃತ್ತ ವೃತ್ತವಾಯಿತು. ಹಾಗೇ, ಪೆನ್ನನ್ನು ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವ ಸೌಲಭ್ಯವನ್ನು ವಿಂಡೋಸ್‌ನಲ್ಲಿ ಆಫ್ ಮಾಡಿಬಿಡಿ. ಇಲ್ಲದಿದ್ದರೆ ದಶಾಂಶ ಬಿಂದು ಇಡುವಾಗೆಲ್ಲ ಉಂಗುರವೊಂದು ಮೂಡಿ ಮೆನು ತೆರೆಯುತ್ತೆ, ಪಾಠದ ಮಧ್ಯೆ ತುಂಬ ತೊಂದರೆ.

ಲ್ಯಾಪ್‌ಟಾಪ್ ಬಿಟ್ಟು ಐಪ್ಯಾಡಿನಂಥ ಟ್ಯಾಬ್ಲೆಟ್ ತಗೊಳ್ಳುವ ಯೋಚನೆಯಿದ್ದರೆ ಅದರದೇ ಪೆನ್ನಿನ ಜೊತೆಗೇ ತಗೊಳ್ಳಿ, ಪೆನ್ನನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ.

ಈಗ ನಿಮ್ಮ ಅಬೌಟ್ ಪುಟ ತೆರೆದು, ಬಲಗಡೆ ಏನಿದೆಯೋ ಅದನ್ನು ಅಕ್ಷರ ಬಿಡದೆ ಕೆಳಗೆ ಬರೆಯಿರಿ. ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ನಂಬರೂ ಇರಲಿ. ನೋಡಿ, ಯಾವ ಭಾಷೆಯ ಪೆನ್ನು ಹೊಂದುತ್ತೆ ಅಂತ ಹೇಳುತ್ತೇನೆ.